ಸೀಸ ಬಿಟ್ಟ ಮೇಲೆ ಬಿಸ್ಮತ್‌ನ ಕಾಟ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ತೆಂಗಿನ ತೋಟಗಳಲ್ಲಿ ಕಂಡೆನ್ಸರ್ (ಕೆಪಾಸಿಟರ್) ಅಂದರೆ ಯಾರಿಗೂ ಹೊಸದಲ್ಲ. ಸಿಂಗಲ್ ಫೇಸ್ ಕರೆಂಟಿನಲ್ಲಿ ಪಂಪಿನ ಮೋಟಾರು ತಿರುಗಬೇಕಾದರೆ ಅದು ಬೇಕೇ ಬೇಕು. ಅದರೊಳಗೆ ಸಾಮಾನ್ಯವಾಗಿ ಸುತ್ತಿಟ್ಟಿರುವುದು ಲೋಹ ಲೇಪಿಸಿದ ಪಾಲಿಪ್ರೊಪಿಲೀನ್ ಹಾಳೆ. ಕಾವು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಪ್ಲಾಸ್ಟಿಕ್ ಕೈಕೊಡುತ್ತದೆ. ತೋಟಕ್ಕೆ ಅಷ್ಟು ಸಾಕು. ಎಲೆಕ್ಟ್ರಿಕ್ ಕಾರಿಗೆ ಸಾಲದು. ಅಲ್ಲಿನ ಸಿಲಿಕಾನ್ ಕಾರ್ಬೈಡ್ ಸ್ವಿಚ್ಚುಗಳು 175 ಡಿಗ್ರಿಯಲ್ಲೂ ದುಡಿಯುತ್ತವೆ, ಪಕ್ಕದ ಕೆಪಾಸಿಟರನ್ನು ಮಾತ್ರ ತಂಪಾಗಿಟ್ಟು ಸಾಕಬೇಕು.

ಸೆರಾಮಿಕ್ ಕಾವು ತಾಳುತ್ತದೆ, ಆದರೆ ಎಲ್ಲ ಸೆರಾಮಿಕ್ಕೂ ಅಲ್ಲ. 1940ರ ದಶಕದಿಂದ ಬಳಕೆಯಲ್ಲಿರುವ ಬೇರಿಯಂ ಟೈಟನೇಟ್ 120 ಡಿಗ್ರಿ ಆಸುಪಾಸಿನಲ್ಲಿ ಹರಳಿನ ರೂಪವನ್ನೇ ಬದಲಿಸುತ್ತದೆ. ಸೀಸದ ಜಿರ್ಕೊನೇಟ್‌ಗಳು ಇನ್ನೂ ಗಟ್ಟಿ, ಆದರೆ ಸೀಸ ವಿಷ. ಹಾಗಾಗಿ ಆವರ್ತ ಕೋಷ್ಟಕದಲ್ಲಿ ಸೀಸದ ಪಕ್ಕದ ಮನೆಯ ಬಿಸ್ಮತ್‌ಗೆ ಕರೆ ಹೋಯಿತು. ಅದರಿಂದಾದ ಸೋಡಿಯಂ ಬಿಸ್ಮತ್ ಟೈಟನೇಟ್ ಎಂಬ ಹರಳಿನ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೀವ್ ರಂಜನ್ ಅವರ ತಂಡ ಆಳವಾಗಿ ಜಾಲಾಡಿದೆ.

ವೋಲ್ಟೇಜ್ ಏರಿಸಿದಾಗ ಹರಳಿನ ಅಯಾನುಗಳು ಸರಿಯುತ್ತವೆ, ಇಳಿಸಿದಾಗ ಮರಳುತ್ತವೆ. ಪೂರ್ತಿ ಮರಳದಿದ್ದರೆ ಕೊಟ್ಟ ಶಕ್ತಿಯ ಒಂದು ಪಾಲು ಒಳಗೇ ಶಾಖವಾಗಿ ಹಾಳು. ಸ್ಟ್ರಾನ್ಷಿಯಂ ಟೈಟನೇಟ್ ಬೆರೆಸಿ, ಒಂದೇ ದಿಕ್ಕಿಗೆ ವಾಲಿದ ವಲಯಗಳನ್ನು ನ್ಯಾನೋಮೀಟರ್ ಗಾತ್ರಕ್ಕೆ ಒಡೆದರೆ ಈ ನಷ್ಟ ತಗ್ಗುತ್ತದೆ.

ನಿಜವಾದ ತಲೆನೋವು ಬೇರೆ. ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಬಿಸ್ಮತ್ ಆವಿಯಾಗಿ ಹೋಗುತ್ತದೆ. ಹೋಗುವಾಗ ಆಮ್ಲಜನಕದ ಜಾಗಗಳನ್ನೂ ಖಾಲಿ ಬಿಡುತ್ತದೆ. ಬಿಸಿಯಾದಾಗ ಆ ಖಾಲಿ ಜಾಗಗಳ ಮೂಲಕವೇ ಕರೆಂಟು ಸೋರುವುದು. 2014ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರಿದ್ದ ತಂಡವೊಂದು ತೋರಿಸಿದ್ದು ಬೆರಗಿನ ಸಂಗತಿ: ಬಿಸ್ಮತ್ ನೂರಕ್ಕೆ ಎರಡು ಪಾಲು ಕಡಿಮೆಯಾದರೂ ಸಾಕು, ಈ ನಿರೋಧಕ ಹರಳು ಆಮ್ಲಜನಕದ ಅಯಾನುಗಳನ್ನು ಸರಾಗವಾಗಿ ಹರಿಸುವ ವಾಹಕವಾಗುತ್ತದೆ. ಇಂಧನಕೋಶ ಮಾಡುವವರಿಗೆ ಅದು ಲಾಟರಿ, ಕೆಪಾಸಿಟರ್ ಮಾಡುವವರಿಗೆ ಶನಿ.

ಈ ಹರಳಿಗೆ ಬೇಕಾದ ಟೈಟಾನಿಯಂ, ಅಂದಹಾಗೆ, ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ನೆಲದಲ್ಲೂ ಇದೆ. ನುಗ್ಗೇಹಳ್ಳಿ ಶಿಲಾಪಟ್ಟಿಯ ತಗಡೂರು ಬಳಿಯ ಮ್ಯಾಗ್ನೆಟೈಟ್‌ನಲ್ಲಿ ಅದು ಕಬ್ಬಿಣದೊಂದಿಗೆ ಹೆಣೆದುಕೊಂಡು ಕೂತಿದೆ. ಬಿಡಿಸುವುದು ಸುಲಭವಲ್ಲ; ಕಡಲತೀರದ ಇಲ್ಮನೈಟ್ ಮರಳೇ ಸಲೀಸು.

ಆದರೆ ಕೆಪಾಸಿಟರಿನ ಬೆಲೆ ಏರಿಸುವುದು ಟೈಟಾನಿಯಂ ಅಲ್ಲ, ಒಂದರ ಮೇಲೊಂದು ಪೇರಿಸಿದ ಸೆರಾಮಿಕ್ ಪದರಗಳ ನಡುವೆ ಕರೆಂಟು ಒಯ್ಯುವ ಲೋಹ. ಅಗ್ಗದ ನಿಕ್ಕಲ್ ಹಾಕಬೇಕಾದರೆ ಆಮ್ಲಜನಕ ತೀರಾ ಕಡಿಮೆಯಿರುವ ಗಾಳಿಯಲ್ಲಿ ಸುಡಬೇಕು. ಅಲ್ಲಿ ಬಿಸ್ಮತ್ ಆಕ್ಸೈಡು ಲೋಹವಾಗಿ ಕೆಡುತ್ತದೆ. ಸಾಧಾರಣ ಗಾಳಿಯಲ್ಲಿ ಸುಟ್ಟರೆ ನಿಕ್ಕಲ್ ಉಳಿಯದು. ಸದ್ಯಕ್ಕೆ ಬೆಳ್ಳಿ–ಪಲ್ಲಾಡಿಯಂ ಅಥವಾ ಪ್ಲಾಟಿನಂ ಹಾಕಿ ಸುಡುತ್ತಿದ್ದಾರೆ.