‘ಆಟದ ಕಾಲೇಜು’, ‘ಓದಿನ ಕಾಲೇಜು’: ಪೇಟೆ ಮಾತು ಎಷ್ಟು ನಿಜ?

ಶಿರಸಿ: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ಹುಲಗೋಳ, ಭೈರುಂಬೆ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಕ್ಕಳನ್ನು ಯಾವ ಕಾಲೇಜಿಗೆ ಹಾಕೋದು? ಮಗ ಅಥವಾ ಮಗಳು ಆಟದಲ್ಲೂ ಮುಂದಿದ್ದರೆ ಸಲಹೆ ಕೊಡುವವರು ಇನ್ನೂ ಹೆಚ್ಚು. ‘ಆ ಕಾಲೇಜಿನವ್ರು ಆಡ್ಲಿಕ್ಕೇ ಬರೋದು, ಓದೂದಿಲ್ಲ’, ‘ಈ ಕಾಲೇಜಿನಲ್ಲಿ ಸೈನ್ಸ್ ತಗೊಂಡ್ರೆ ಬಾಲ್ ಮುಟ್ಟಲಿಕ್ಕೂ ಬಿಡೂದಿಲ್ಲ’, ‘ಘಟ್ಟ ಇಳಿದು ಹೋದ್ರೆ ಮೆಡಲ್ ಗ್ಯಾರಂಟಿ’ ಎಂಬ ಮಾತುಗಳು ಅಂಗಡಿ ಕಟ್ಟೆಯಿಂದ ಬಸ್‌ ಸ್ಟ್ಯಾಂಡ್‌ವರೆಗೆ ಓಡಾಡುತ್ತವೆ. ಇಂಥ ಮಾತು ನಂಬಿ ಅಡ್ಮಿಷನ್ ಮಾಡಿಸಿದವರ ಎರಡು ವರ್ಷ ವಾಪಸ್ ಬರುವುದಿಲ್ಲ. ಹಾಗಾಗಿ ಕಾಲೇಜುಗಳ ಆಟದ ವ್ಯವಸ್ಥೆ ನಿಜವಾಗಿ ಹೇಗಿದೆ ಎಂದು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

‘ಜಿಲ್ಲೆಗೆ ಫಸ್ಟ್’ ಅಂದರೆ ಯಾವ ಜಿಲ್ಲೆ?

ಹೈಸ್ಕೂಲು ಮಟ್ಟದಲ್ಲಿ ಉತ್ತರ ಕನ್ನಡ ಎರಡು ಶೈಕ್ಷಣಿಕ ಜಿಲ್ಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಸೇರಿ ಶಿರಸಿ ಶೈಕ್ಷಣಿಕ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಇನ್ನೊಂದು ಕಡೆ. ಹೀಗಾಗಿ ಹೈಸ್ಕೂಲಿನಲ್ಲಿ ‘ಜಿಲ್ಲಾ ಮಟ್ಟಕ್ಕೆ ಪ್ರಥಮ’ ಬಂದ ಶಿರಸಿಯ ಹುಡುಗಿ ಘಟ್ಟದ ಮೇಲಿನವರನ್ನು ಮಾತ್ರ ಸೋಲಿಸಿರುತ್ತಾಳೆ.

ಪಿಯುಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಪದವಿಪೂರ್ವ ಶಿಕ್ಷಣದ ಮಟ್ಟಿಗೆ ಇಡೀ ಉತ್ತರ ಕನ್ನಡ ಒಂದೇ ಜಿಲ್ಲೆ. ಅದೇ ಹುಡುಗಿ ಈಗ ಕರಾವಳಿಯವರ ಜೊತೆಗೂ ಓಡಬೇಕು. 14, 17 ವರ್ಷದೊಳಗಿನವರ ವಿಭಾಗ ದಾಟಿ 19 ವರ್ಷದೊಳಗಿನವರ ವಿಭಾಗಕ್ಕೆ ಬಂದಿರುತ್ತಾಳೆ ಬೇರೆ. ಓಟದ ವೇಗ ಹೆಚ್ಚಿದ್ದರೂ ಸ್ಥಾನ ಮೂರಕ್ಕೋ ನಾಲ್ಕಕ್ಕೋ ಇಳಿಯಬಹುದು. ಊರಲ್ಲಿ ಮಾತ್ರ ‘ಆ ಕಾಲೇಜಿಗೆ ಹೋಗಿ ಹಾಳಾದ್ಳು’ ಎನ್ನುತ್ತಾರೆ. ಸ್ಪರ್ಧೆಯ ಅಂಗಳ ದೊಡ್ಡದಾದದ್ದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಕಾಲೇಜಿಗೆ ಕೆಟ್ಟ ಹೆಸರು ಅಂಟುವ ಮೊದಲ ದಾರಿ ಇದು.

ಒಂದೇ ಊರು, ಬೇರೆ ಬೇರೆ ಕೂಟ

ಪದವಿಗೆ ಬಂದರೆ ಗೊಂದಲ ಇನ್ನೂ ಹೆಚ್ಚು. ಶಿರಸಿಯ ಎಂ.ಎಂ. ಕಲಾ ಮತ್ತು ವಿಜ್ಞಾನ ಮಹಾವಿದ್ಯಾಲಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಕವಿವಿ ಅಂತರ್ ಕಾಲೇಜು ಪಂದ್ಯಗಳಲ್ಲಿ ಧಾರವಾಡ, ಗದಗ ಕಡೆಯ ಕಾಲೇಜುಗಳ ಎದುರು ಆಡುತ್ತಾರೆ. ಅದೇ ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದರ ಕೂಟವೇ ಬೇರೆ. ಇಂಜಿನಿಯರಿಂಗಿಗೆ ಹೋದವರು 1998ರಲ್ಲಿ ಶುರುವಾದ ಬೆಳಗಾವಿಯ ವಿಟಿಯು ಕೂಟದಲ್ಲಿ ಆಡುತ್ತಾರೆ. ಪಾಲಿಟೆಕ್ನಿಕ್‌ನವರದ್ದು ಮತ್ತೊಂದು.

ಅಂದರೆ ಒಂದೇ ಪೇಟೆಯ ಎರಡು ಕಾಲೇಜುಗಳು ಅಧಿಕೃತ ಪಂದ್ಯದಲ್ಲಿ ಎದುರಾಗುವುದೇ ಇಲ್ಲ. ಹಾಗಿದ್ದೂ ಯಾರು ಹೆಚ್ಚು, ಯಾರು ಕಡಿಮೆ ಎಂಬ ತೀರ್ಪು ಮಾತ್ರ ಪೇಟೆಯಲ್ಲಿ ರೆಡಿ ಇರುತ್ತದೆ.

ಈ ವಿಶ್ವವಿದ್ಯಾಲಯಗಳ ತಂಡಗಳಿಗೆ ಆಯ್ಕೆಯಾದವರು ಮುಂದೆ ಅಂತರ್ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುತ್ತಾರೆ. 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ಗೂ ವಿಶ್ವವಿದ್ಯಾಲಯದ ಹೆಸರಿನಲ್ಲೇ ಹೋಗಬೇಕು. ಎರಡನೇ ಸಲದ ಕೂಟ 2022ರಲ್ಲಿ ಬೆಂಗಳೂರಿನಲ್ಲಿ ನಡೆದಾಗ ಅಲ್ಲಿನ ಜೈನ್ ವಿಶ್ವವಿದ್ಯಾಲಯ ಪದಕ ಪಟ್ಟಿಯಲ್ಲಿ ಮೊದಲಾಯಿತು. ಸಣ್ಣ ಕಾಲೇಜಿನಲ್ಲಿ ಓದುವವರಿಗೂ ಈ ಬಾಗಿಲು ಮುಚ್ಚಿಲ್ಲ. ವಿಶ್ವವಿದ್ಯಾಲಯದ ಆಯ್ಕೆಗೆ ಕಾಲೇಜು ಮಕ್ಕಳನ್ನು ಕಳಿಸಬೇಕು, ಅಷ್ಟೇ.

ಅಮೆರಿಕದಲ್ಲೂ ಇದೇ ಮಾತು

ಈ ಹಣೆಪಟ್ಟಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ 1973ರಿಂದ ಕಾಲೇಜುಗಳನ್ನು ಮೂರು ಡಿವಿಜನ್ ಮಾಡಿದೆ. ಮೂರನೇ ಡಿವಿಜನ್‌ನ ಕಾಲೇಜು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಅಲ್ಲಿಯೂ ಜನ ‘ಒಂದನೇ ಡಿವಿಜನ್‌ನವರು ಓದೂದಿಲ್ಲ, ಮೂರನೇಯವರಿಗೆ ಆಟ ಬರೂದಿಲ್ಲ’ ಎಂದೇ ಮಾತಾಡುತ್ತಾರೆ. ಆದರೆ ಕೇಂಬ್ರಿಜ್ ಎಂಬ ಒಂದೇ ಊರಿನಲ್ಲಿರುವ ಎರಡು ವಿಶ್ವವಿದ್ಯಾಲಯ ನೋಡಿ. ಹಾರ್ವರ್ಡ್ ಆಡುವುದು ಒಂದನೇ ಡಿವಿಜನ್‌ನಲ್ಲಿ, ಎಂಐಟಿ ಮುಖ್ಯವಾಗಿ ಮೂರನೇಯದರಲ್ಲಿ. ಎರಡೂ ಓದಿಗೆ ಜಗತ್ತಿನಲ್ಲೇ ಹೆಸರಾದವು. ಡಿವಿಜನ್ ನಂಬರ್ ನೋಡಿ ಮಕ್ಕಳ ಓದನ್ನು ಅಳೆಯಲಿಕ್ಕೆ ಆಗುವುದಿಲ್ಲ.

ಪದಕದ ಹಿಂದೆ ಖರ್ಚಿದೆ

ಹಾಗಾದರೆ ಕೆಲವೇ ಕಾಲೇಜುಗಳು ಗೆಲ್ಲುವುದೇಕೆ? ಮೂಡುಬಿದಿರೆಯ ಆಳ್ವಾಸ್ ಉದಾಹರಣೆ ತೆಗೆದುಕೊಳ್ಳಬಹುದು. ಆಟದಲ್ಲಿ ಮುಂದಿರುವ ಮಕ್ಕಳನ್ನು ಅದು ಬೇರೆ ಬೇರೆ ಜಿಲ್ಲೆಗಳಿಂದ ಆರಿಸಿ ಕ್ರೀಡಾ ದತ್ತು ಯೋಜನೆಯಲ್ಲಿ ಓದಿಸುತ್ತದೆ. ಊಟ, ಹಾಸ್ಟೆಲ್, ಕೋಚ್ ಎಲ್ಲ ಅಲ್ಲೇ. ಊರಿನ ಸ್ವರಾಜ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಮೊದಲೇ ಗೆದ್ದವರನ್ನು ಆರಿಸಿ, ಅವರಿಗೆ ದಿನವೂ ತರಬೇತಿ ಕೊಟ್ಟರೆ ಪದಕ ಬರುವುದು ಆಶ್ಚರ್ಯವಲ್ಲ. ಅಲ್ಲಿಗೆ ಹೋದವರಿಗೆಲ್ಲ ಪದಕ ಗ್ಯಾರಂಟಿ ಎಂದು ಮಾತ್ರ ಅರ್ಥವಲ್ಲ. ಅಲ್ಲಿ ತಂಡದೊಳಗೆ ಜಾಗ ಗಿಟ್ಟಿಸುವುದೇ ದೊಡ್ಡ ಸ್ಪರ್ಧೆ.

ನಮ್ಮ ಕಡೆ ಲೆಕ್ಕ ಬೇರೆ. ಜೂನ್‌ನಲ್ಲಿ ಕಾಲೇಜು ಶುರು, ಜೂನ್‌ನಲ್ಲೇ ಮಳೆಯೂ ಶುರು. ತಾಲೂಕು, ಜಿಲ್ಲಾ ಕೂಟಗಳು ಬರುವುದು ಮಳೆಗಾಲದಲ್ಲಿ ಅಥವಾ ಅದರ ಬೆನ್ನಿಗೇ. ಶಿರಸಿ, ಸಿದ್ದಾಪುರದ ಮೈದಾನ ಕೆಸರಾಗಿದ್ದಾಗ ಬಯಲುಸೀಮೆಗೆ ತಾಗಿದ ಮುಂಡಗೋಡ, ಹಳಿಯಾಳದವರಿಗೆ ಸ್ವಲ್ಪವಾದರೂ ಒಣ ನೆಲ ಸಿಗುತ್ತದೆ. ಬಹಳಷ್ಟು ಪಿಯು ಕಾಲೇಜುಗಳಲ್ಲಿ ಆಟಕ್ಕೆಂದೇ ಉಪನ್ಯಾಸಕರಿಲ್ಲ, ಬೇರೆ ವಿಷಯ ಕಲಿಸುವವರೇ ತಂಡ ಕರೆದುಕೊಂಡು ಹೋಗಬೇಕು. ಇನ್ನು ಹಳ್ಳಿಯಿಂದ ಬರುವ ಹುಡುಗ ಸಂಜೆ ಪ್ರಾಕ್ಟೀಸಿಗೆ ನಿಂತರೆ ಊರ ಬಸ್ಸು ತಪ್ಪುತ್ತದೆ. ‘ಆ ಕಾಲೇಜಿಗೆ ಆಟ ಬರೂದಿಲ್ಲ’ ಎನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಮಳೆ, ಮೈದಾನ ಮತ್ತು ಬಸ್ಸಿನ ಟೈಮು.

ಹುಟ್ಟಿನಿಂದ ಬರುತ್ತದೆ ಎಂಬ ಮಾತು

ಹಳಿಯಾಳ ಅಂದರೆ ಕುಸ್ತಿ, ಸಿದ್ದಿಗಳು ಅಂದರೆ ಓಟ ಎಂಬ ಮಾತೂ ಹಾಗೆಯೇ. ಹಳಿಯಾಳದಲ್ಲಿ ಗರಡಿಯ ರೂಢಿ ಇದೆ, ಕುಸ್ತಿಯವರಿಗೆ ಕ್ರೀಡಾ ವಸತಿ ನಿಲಯವೂ ಇದೆ. ಸಿದ್ದಿ ಮಕ್ಕಳಿಗಾಗಿ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆ ಶುರು ಮಾಡಿತು. ಕಮಲಾ ಸಿದ್ದಿಯಂಥ ಅಥ್ಲೀಟ್‌ಗಳು ದೇಶದ ಮಟ್ಟಕ್ಕೆ ಏರಿದ್ದು ಆ ಕಾಲದಲ್ಲಿ. 1993ರಲ್ಲಿ ಯೋಜನೆ ನಿಂತಿತು, ತರಬೇತಿಯಲ್ಲಿದ್ದ ಮಕ್ಕಳು ಊರಿಗೆ ಮರಳಬೇಕಾಯಿತು. ಮಕ್ಕಳ ಮೈಕಟ್ಟು ಆ ವರ್ಷ ಬದಲಾಗಿರಲಿಲ್ಲ. ನಿಂತದ್ದು ಹಾಸ್ಟೆಲ್, ಊಟ ಮತ್ತು ಕೋಚ್.

ಅಡ್ಮಿಷನ್‌ಗೆ ಮೊದಲು ಏನು ಕೇಳಬೇಕು?

ಕಾಲೇಜಿನ ಹೆಸರು ಕೇಳುವ ಬದಲು ಪಾಲಕರು ಈ ಐದು ವಿಷಯ ವಿಚಾರಿಸಬಹುದು.

1. ಆಟ ನೋಡಿಕೊಳ್ಳುವವರು ಯಾರು? ಅದಕ್ಕೆಂದೇ ನೇಮಕವಾದವರೋ, ಹೆಚ್ಚುವರಿ ಹೊಣೆಯೋ?

2. ನಮ್ಮ ಮಗು ಆಡುವ ಆಟಕ್ಕೆ ಕಳೆದ ವರ್ಷ ತಂಡ ಹೋಗಿತ್ತೇ? ಕಬಡ್ಡಿಯಲ್ಲಿ ಗೆದ್ದ ಕಾಲೇಜಿನಲ್ಲಿ ಓಟದವರಿಗೆ ಏನೂ ಇಲ್ಲದಿರಬಹುದು.

3. ಕೂಟಕ್ಕೆ ಹೋದ ದಿನಗಳ ಹಾಜರಿ, ತಪ್ಪಿದ ಪ್ರಾಕ್ಟಿಕಲ್‌ಗೆ ಏನು ವ್ಯವಸ್ಥೆ? ಸೈನ್ಸ್ ಮಕ್ಕಳಿಗೆ ಇದು ಬಹಳ ಮುಖ್ಯ.

4. ಮಳೆಗಾಲದಲ್ಲಿ ಪ್ರಾಕ್ಟೀಸ್ ಎಲ್ಲಿ? ಸಂಜೆ ವಾಪಸ್ ಬರಲಿಕ್ಕೆ ಬಸ್ಸಿದೆಯೇ?

5. ಸಿಗುವ ಸರ್ಟಿಫಿಕೇಟ್ ಯಾವ ಮಟ್ಟದ್ದು? ಸಿಇಟಿಯ ಕ್ರೀಡಾ ಕೋಟಾಕ್ಕಾಗಲಿ, ರೈಲ್ವೆ, ಅಂಚೆ ಇಲಾಖೆಗಳ ಕ್ರೀಡಾ ಕೋಟಾಕ್ಕಾಗಲಿ ಮಾನ್ಯತೆ ಇರುವ ಮೇಲಿನ ಹಂತದ ಕೂಟಗಳದ್ದು ಬೇಕು. ಊರ ಹೊನಲು ಬೆಳಕಿನ ಟೂರ್ನಮೆಂಟಿನ ಶೀಲ್ಡು ಎಷ್ಟೇ ದೊಡ್ಡದಿದ್ದರೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅಂಗಡಿಕಾರರಿಗೂ ಇದರಲ್ಲಿ ಪಾಲಿದೆ. ಟೂರ್ನಮೆಂಟ್ ಅಂದರೆ ಪಟ್ಟಿ ಹಿಡಿದು ಬರುವವರಿಗೆ ಶೀಲ್ಡು, ಟೀ ಶರ್ಟು ಎಂದು ಪೇಟೆಯವರು ಮೊದಲಿಂದ ಕೊಡುತ್ತಲೇ ಬಂದಿದ್ದಾರೆ. ಅದರಲ್ಲಿ ಸ್ವಲ್ಪ ಭಾಗ ಹತ್ತಿರದ ಕಾಲೇಜಿನ ಮಕ್ಕಳ ಬೂಟಿಗೋ, ಜಿಲ್ಲಾ ಕೂಟಕ್ಕೆ ಹೋಗುವ ಗಾಡಿ ಬಾಡಿಗೆಗೋ, ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಹಳ್ಳಿ ಮಕ್ಕಳನ್ನು ಮನೆ ಮುಟ್ಟಿಸಲಿಕ್ಕೋ ಹೋದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಲೇಜುಗಳಲ್ಲೂ ಹೆಚ್ಚು ಮಕ್ಕಳು ಕೊನೆವರೆಗೆ ಆಟದಲ್ಲಿ ಉಳಿದಾರು.