ಚದುರಂಗದ ಮಣೆಯಿಂದ ಬಂದ ಅಪಾಯ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಜಗಲಿಯೊಂದರಲ್ಲಿ ಇಬ್ಬರು ಬಾಲಕರು ಚದುರಂಗದ ಮಣೆಯ ಮುಂದೆ ಕುಳಿತಿರುವರೆಂದು ಭಾವಿಸೋಣ. ಇಬ್ಬರ ಬಲವೂ ಸಮ. ಯಾರು ಗೆಲ್ಲುವರು, ಯಾರು ಸೋಲುವರು ಎಂದು ಹೇಳಲಾಗದು. ಇಂತಹ ಆಟವನ್ನು ಹಳೆಯ ಫ್ರೆಂಚ್ ಭಾಷೆಯಲ್ಲಿ ‘ಜೋ ಪಾರ್ತಿ’ ಎನ್ನುತ್ತಿದ್ದರು. ‘ಜೋ’ ಎಂದರೆ ಆಟ. ‘ಪಾರ್ತಿ’ ಎಂದರೆ ಪಾಲಾದುದು. ಅಪಾಯವೆಂಬ ಅರ್ಥವುಳ್ಳ, ದಿನಬಳಕೆಯಲ್ಲಿ ವಿರಳವಾದ ‘ಜೆಪರ್ಡಿ’ ಎಂಬ ಇಂಗ್ಲಿಷ್ ಪದವು ಹುಟ್ಟಿದುದು ಇದರಿಂದಲೇ.

ಹದಿನಾಲ್ಕನೆಯ ಶತಮಾನದ ಕವಿ ಚಾಸರನು ಚದುರಂಗದ ಸಮಸ್ಯೆಗಳನ್ನು ಇದೇ ಪದದಿಂದ ಹೆಸರಿಸಿದ್ದಾನೆ. ಆಟದ ಅನಿಶ್ಚಯವನ್ನು ಹೇಳುತ್ತಿದ್ದ ಪದವು ಬರಬರುತ್ತ ಬಾಳಿನ ಅನಿಶ್ಚಯಕ್ಕೂ, ಕೊನೆಗೆ ಅಪಾಯಕ್ಕೂ ಸಂದಿತು.

ಚದುರಂಗದ ಸಮಸ್ಯೆಗಳನ್ನು ರಚಿಸಿದ ಅರಸರೊಬ್ಬರು ನಮ್ಮ ನಾಡಿನಲ್ಲಿಯೂ ಇದ್ದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅರವತ್ನಾಲ್ಕು ಮನೆಗಳನ್ನೂ ಕುದುರೆಯು ಒಂದೊಂದು ಬಾರಿ ಮಾತ್ರ ಮೆಟ್ಟಿ ಬರುವ ವಿನ್ಯಾಸಗಳನ್ನೂ ಅವರು ರಚಿಸಿದರು. ಆದರೆ ಅವರ ರಾಜ್ಯವೇ ಒಂದು ಬಿಡಿಸದ ಸಮಸ್ಯೆಯಾಗಿದ್ದಿತು. 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿತು. ಅರಸರು 1865ರಲ್ಲಿ ದತ್ತು ಸ್ವೀಕರಿಸಿದರು. ಬ್ರಿಟಿಷರು ಅದನ್ನು ಒಪ್ಪಿದುದು 1867ರಲ್ಲಿ. ರಾಜ್ಯವು ಮರಳಿ ಬಂದುದು 1881ರಲ್ಲಿ, ಅರಸರು ತೀರಿಕೊಂಡ ಮೇಲೆ. ಈ ಅವಧಿಯಲ್ಲಿ ಮೈಸೂರು ಶಾಶ್ವತವಾಗಿ ಕೈಬಿಟ್ಟುಹೋಗಿರಲಿಲ್ಲ. ಉಳಿಯುವುದೆಂಬ ಭರವಸೆಯೂ ಬಹುಕಾಲ ಇರಲಿಲ್ಲ. ‘ಜೆಪರ್ಡಿ’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಈ ಸೂಕ್ಷ್ಮವು ನ್ಯಾಯಾಲಯದಲ್ಲಿ ಬಹಳ ಬೆಲೆಯುಳ್ಳದ್ದು. 1791ರಲ್ಲಿ ಅಂಗೀಕೃತವಾದ ಅಮೆರಿಕ ಸಂವಿಧಾನದ ಐದನೆಯ ತಿದ್ದುಪಡಿಯು, ಒಂದೇ ಅಪರಾಧಕ್ಕಾಗಿ ಯಾರನ್ನೂ ಎರಡು ಸಲ ‘ಜೆಪರ್ಡಿ’ಗೆ ಒಡ್ಡಬಾರದೆನ್ನುತ್ತದೆ. ತೀರ್ಪು ಏನಾಗುವುದೋ ಎಂದು ಕಾಯುವ ಸ್ಥಿತಿಯೇ ಒಂದು ಸಂಕಟವೆಂದು ಆ ಮಾತು ಒಪ್ಪಿಕೊಂಡಂತಾಯಿತು. ನಮ್ಮ ಸಂವಿಧಾನದ 20(2)ನೆಯ ಅನುಚ್ಛೇದದಲ್ಲಿ ಈ ಪದವಿಲ್ಲ. ಒಂದೇ ಅಪರಾಧಕ್ಕೆ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಮಾಡಿ ದಂಡಿಸಬಾರದೆಂದು ಮಾತ್ರ ಅದು ಹೇಳುತ್ತದೆ. ಬಿಡುಗಡೆಯಾದವನನ್ನು ಮತ್ತೆ ಅದೇ ಅಪರಾಧಕ್ಕಾಗಿ ವಿಚಾರಣೆಗೆಳೆಯದಂತೆ ಕಾಯುವ ವಿಧಿಯು ಸಂವಿಧಾನದಲ್ಲಿಲ್ಲ. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ.

ಇನ್ನು ನಮ್ಮ ‘ಅಪಾಯ’ವನ್ನು ನೋಡೋಣ. ಸಂಸ್ಕೃತದಲ್ಲಿ ಇದರ ಮೂಲಾರ್ಥ ‘ದೂರ ಹೋಗುವುದು’. ಅದರಿಂದ ನಾಶ, ನಷ್ಟ ಎಂಬ ಅರ್ಥಗಳು ಬಂದುವು. ಅದೇ ಧಾತುವಿಗೆ ‘ಉಪ’ ಸೇರಿದರೆ ‘ಹತ್ತಿರ ಬರುವುದು’ ಎಂಬ ಅರ್ಥದ ‘ಉಪಾಯ’ವಾಗುತ್ತದೆ. ‘ಅಪಾಯ’ವು ನಷ್ಟವನ್ನು ಹೇಳಿದರೆ, ‘ಜೆಪರ್ಡಿ’ಯು ನಷ್ಟವಿನ್ನೂ ನಿಶ್ಚಯವಾಗದ ಗಳಿಗೆಯನ್ನು ಹೇಳುತ್ತದೆ. ಉಪಾಯಕ್ಕೆ ಅವಕಾಶವಿರುವುದು ಆ ಗಳಿಗೆಯಲ್ಲಿಯೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.