ವೆನಿಲ್ಲಾ ಇಲ್ಲದಿದ್ದರೆ ಬಿಸ್ಕತ್ತು ಬೇಯೋದಿಲ್ವೇ?

ಮನೆಯಲ್ಲೇ ಬಿಸ್ಕತ್ತು ಮಾಡಬೇಕೆಂದು ಹೊರಟವರಿಗೆ ಎದುರಾಗುವ ಮೊದಲ ವಿಘ್ನ ಒಂದು ಪುಟ್ಟ ಬಾಟ್ಲಿ. ಪುಸ್ತಕ ನೋಡಿದ್ದಾಯ್ತು, ಮೊಬೈಲು ನೋಡಿದ್ದಾಯ್ತು. ಮೈದಾ ಇದೆ, ಸಕ್ಕರೆ ಇದೆ, ಬೆಣ್ಣೆ ಇದೆ. ಕೊನೇ ಸಾಲಿನಲ್ಲಿ ಕೂತಿದೆ ನೋಡಿ, ‘ಒಂದು ಟೀ ಚಮಚ ವೆನಿಲ್ಲಾ ಎಕ್ಸ್‌ಟ್ರಾಕ್ಟ್’! ಅಲ್ಲಿಗೆ ಬ್ರೇಕು.

ಜೀವನ್ ಬಿಮಾ ನಗರದ ಯಾವುದೇ ದಿನಸಿ ಅಂಗಡಿಗೆ ಹೋಗಿ ಕೇಳಿ. ‘ಎಸೆನ್ಸ್ ಇದೆ ಮೇಡಂ, ಎಲ್ಲಾ ಒಂದೇ’ ಎಂದು ಬಾಟ್ಲಿ ಮುಂದಿಡುತ್ತಾರೆ. ಅಂಗಡಿಯವರ ತಪ್ಪೇನೂ ಇಲ್ಲ, ಅವರಿಗೆ ಸರಬರಾಜಾಗೋದೇ ಅದು. ಆದರೆ ಎರಡೂ ಒಂದೇ ಅಲ್ಲ ಸ್ವಾಮಿ. ಒಂದು ಬಳ್ಳಿಯಲ್ಲಿ ಬಿಟ್ಟ ಕೋಡಿನ ಸಾರ, ಇನ್ನೊಂದು ಕಾರ್ಖಾನೆಯ ಸರಕು. ಒಂದರ ಬಾಟ್ಲಿಗೆ ನೂರಾರು ರೂಪಾಯಿ, ಇನ್ನೊಂದಕ್ಕೆ ಕೆಲವೇ ಹತ್ತು ರೂಪಾಯಿ. ಇವೆರಡೂ ಇಲ್ಲದೆ ಬಿಸ್ಕತ್ತು ಆಗುತ್ತೋ ಇಲ್ಲವೋ ಅನ್ನೋದು ಈವತ್ತಿನ ಉಸಾಬರಿ.

ಬಿಮಾ ನಗರದವರಿಗೂ ಬಿಸ್ಕತ್ತಿಗೂ ನಂಟು ಹಳೆಯದು. 1956ರಲ್ಲಿ ಹುಟ್ಟಿದ ಜೀವ ವಿಮಾ ನಿಗಮದ ಹೆಸರು ಹೊತ್ತ ಬಡಾವಣೆ ಇದು. ಪಕ್ಕದಲ್ಲಿ ತಿಪ್ಪಸಂದ್ರ, ಆಚೆ ಕೋಡಿಹಳ್ಳಿ, ಹಳೇ ಏರ್‌ಪೋರ್ಟ್ ರಸ್ತೆ ದಾಟಿದರೆ ವಿಮಾನದ ಕಾರ್ಖಾನೆ. ಬ್ರಿಟಾನಿಯಾ ಕಂಪನಿಯ ಬಿಸ್ಕತ್ತು ಪೊಟ್ಟಣದ ಹಿಂಭಾಗ ಓದುವ ಅಭ್ಯಾಸವಿದ್ದವರಿಗೆ ‘ವಿಮಾನಪುರ, ಬೆಂಗಳೂರು’ ಎಂಬ ವಿಳಾಸ ನೆನಪಿದ್ದೀತು. ಆ ಕಂಪನಿಯ ಕಚೇರಿ ಬಹಳ ವರ್ಷ ಏರ್‌ಪೋರ್ಟ್ ರಸ್ತೆಯಲ್ಲೇ ಇತ್ತು. ಪೊಟ್ಟಣದ ಬಿಸ್ಕತ್ತಿನ ಯಜಮಾನರು ಅಷ್ಟು ಹತ್ತಿರ ಇದ್ದರೂ ನಮ್ಮ ಜನ ಸಂಜೆ ಕಾಫಿಗೆ ಹುಡುಕಿಕೊಂಡು ಹೋಗಿದ್ದು ಗಾಜಿನ ಭರಣಿಯ ಬಿಸ್ಕತ್ತನ್ನೇ ಅನ್ನೋದು ಬೇರೆ ಮಾತು.

ಆ ಭರಣಿಗಳಲ್ಲೇ ಇದೆ ನಮ್ಮ ಪ್ರಶ್ನೆಗೆ ಉತ್ತರ.

ಅಯ್ಯಂಗಾರರ ಭಟ್ಟಿ

ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಅಯ್ಯಂಗಾರರು ಬೆಂಗಳೂರಿನಲ್ಲಿ ಬೇಕರಿ ತೆರೆದ ಕಥೆ ಎಲ್ಲರೂ ಬಲ್ಲದ್ದೇ. ಚಿಕ್ಕಪೇಟೆಯ ಬಿ.ಬಿ. ಬೇಕರಿಯನ್ನು ಎಚ್.ಎಸ್. ತಿರುಮಲಾಚಾರ್ ಆರಂಭಿಸಿದ್ದು 1898ರಲ್ಲಿ. ವಿಶ್ವೇಶ್ವರಪುರದ ವಿ.ಬಿ. ಬೇಕರಿ ಬಂದಿದ್ದು 1953ರಲ್ಲಿ. ಆಮೇಲೆ ಊರಿಗೊಂದು, ಕೇರಿಗೊಂದು ಅಯ್ಯಂಗಾರ್ ಬೇಕರಿ. ಅವರು ಹೆಸರು ಮಾಡಿದ್ದು ಮೊಟ್ಟೆ ಇಲ್ಲದ ತಿನಿಸಿಗೆ. ಬೆಣ್ಣೆ ಬಿಸ್ಕತ್ತು, ಕೊಬ್ಬರಿ ಬಿಸ್ಕತ್ತು, ಖಾರಾ ಬಿಸ್ಕತ್ತು. ಇವುಗಳಲ್ಲಿ ವೆನಿಲ್ಲಾ ಎಲ್ಲಿ ಬಂತು ಹೇಳಿ?

ವೆನಿಲ್ಲಾ ಯಾಕೆ ಹಾಕುತ್ತಾರೆ ಅನ್ನೋದನ್ನ ತಿಳಿದರೆ ಈ ಗುಟ್ಟು ಬಿಡಿಸುತ್ತೆ. ಹಲವು ಇಂಗ್ಲಿಷ್ ಬಿಸ್ಕತ್ತಿಗೆ, ಕೇಕಿಗೆ ಮೊಟ್ಟೆ ಹಾಕುತ್ತಾರೆ. ಮೊಟ್ಟೆಯ ಹಸಿ ವಾಸನೆ ಅಡಗಿಸೋದಕ್ಕೆ ಒಂದು ಸುವಾಸನೆ ಬೇಕು. ವೆನಿಲ್ಲಾಕ್ಕೆ ಒಂದು ಕೆಲಸ ಅಲ್ಲಿ. ಮೊಟ್ಟೆಯೇ ಇಲ್ಲ ಅಂದಮೇಲೆ ಮುಚ್ಚಿಡೋದಕ್ಕೆ ಏನಿದೆ? ಒಳ್ಳೆ ಬೆಣ್ಣೆ ಭಟ್ಟಿಯ ಕಾವಿಗೆ ಕಂದು ತಿರುಗುವಾಗ ಹೊರಡುವ ಘಮ ಇದೆಯಲ್ಲ, ಅದು ಬಸ್ಸಿನಲ್ಲಿ ಹೋಗುವವನನ್ನೂ ಕಿಟಕಿಗೆ ಮೂಗು ಒತ್ತಿಸುತ್ತೆ. ಅದಕ್ಕೆ ಬಾಟ್ಲಿಯ ಹಂಗಿಲ್ಲ.

ಖಾರಾ ಬಿಸ್ಕತ್ತಿಗಂತೂ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಹಿಟ್ಟಿನಲ್ಲಿ ಒಗ್ಗರಣೆಯ ಅಂಶವನ್ನೇ ಕಲಸಿಬಿಟ್ಟ ಪುಣ್ಯಾತ್ಮರು! ಬಿಳಿಯರ ತಿನಿಸಿಗೆ ಜನಿವಾರ ಹಾಕಿದರು ಅಂತ ತಮಾಷೆ ಮಾಡೋರಿದ್ದಾರೆ. ಮಾಡಿಕೊಳ್ಳಲಿ, ಕಾಫಿ ಜೊತೆ ಅದಕ್ಕಿಂತ ಒಳ್ಳೇದು ತೋರಿಸಲಿ ನೋಡೋಣ.

ದಂಡಿನ ಕಡೆಯ ದಾರಿ ಬೇರೆ. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರಷ್ಟು ಹಳೇದು. ಶಿವಾಜಿನಗರ, ಹಲಸೂರಿನ ಹಳಬರನ್ನು ಕೇಳಿ. ಮನೆಯಲ್ಲಿ ಅವನ್ ಇಲ್ಲದ ಕಾಲದಲ್ಲಿ ಹಬ್ಬದ ಮುಂದೆ ಹಿಟ್ಟು ಕಲಸಿ, ಉಂಡೆ ಕಟ್ಟಿ, ಟ್ರೇಯಲ್ಲಿ ಜೋಡಿಸಿ ಬೇಕರಿಯ ಭಟ್ಟಿಗೆ ಹೊತ್ತುಕೊಂಡು ಹೋಗೋರು. ಬೇಯಿಸಿಕೊಟ್ಟಿದ್ದಕ್ಕೆ ಕೂಲಿ. ರಂಜಾನಿಗೆ ನಾನ್‌ಖಟಾಯಿ, ಕ್ರಿಸ್‌ಮಸ್ಸಿಗೆ ಕೇಕು. ಸೂರತ್ತಿನ ಕಡೆಯಿಂದ ದೇಶವೆಲ್ಲ ಹಬ್ಬಿದ ನಾನ್‌ಖಟಾಯಿಗೆ ಬೇಕಾದ್ದು ತುಪ್ಪ, ಸಕ್ಕರೆ, ಹಿಟ್ಟು, ಏಲಕ್ಕಿ. ನಮ್ಮ ಸಕಲೇಶಪುರದ ಏಲಕ್ಕಿ ಇರುವಾಗ ಮೆಕ್ಸಿಕೋ ದೇಶದ ಬಳ್ಳಿಗೆ ಕಾಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಬಳ್ಳಿಯ ಕಥೆ, ಬೆಳೆಗಾರರ ವ್ಯಥೆ

ಹೌದು, ವೆನಿಲ್ಲಾ ಮೂಲತಃ ಮೆಕ್ಸಿಕೋದ್ದು. ಆರ್ಕಿಡ್ ಜಾತಿಯ ಬಳ್ಳಿ. ಹೂವು ಬೆಳಗ್ಗೆ ಅರಳಿ ಅವತ್ತೇ ಬಾಡುತ್ತೆ. ಅಷ್ಟರೊಳಗೆ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಈ ಕೈಚಳಕ ಜಗತ್ತಿಗೆ ಕಲಿಸಿದ್ದು ಯಾವ ವಿಜ್ಞಾನಿಯೂ ಅಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ. ಹೂವು ಕಾಯಾಗಿ ಬಲಿಯೋದಕ್ಕೆ ಎಂಟೊಂಬತ್ತು ತಿಂಗಳು. ಆಮೇಲೆ ಬಿಸಿನೀರಿನಲ್ಲಿ ಅದ್ದಿ, ಬೆವರಿಸಿ, ಬಿಸಿಲಿಗೆ ಹಾಕಿ, ತಿಂಗಳುಗಟ್ಟಲೆ ಹದ ಮಾಡಬೇಕು. ಐದಾರು ಕಿಲೋ ಹಸಿಕೋಡು ಕೊನೆಗೆ ಒಂದು ಕಿಲೋ ಆಗುತ್ತೆ. ಬೆಲೆ ಯಾಕೆ ಹೆಚ್ಚು ಅಂತ ಈಗ ಗೊತ್ತಾಯ್ತಲ್ಲ?

ಈ ಬಳ್ಳಿ ನಮ್ಮ ರಾಜ್ಯದಲ್ಲೂ ಒಮ್ಮೆ ಕುಣಿದಾಡಿತು. 2000ನೇ ಇಸವಿಯಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿಯಿತು. ಪ್ರಪಂಚದ ವೆನಿಲ್ಲಾದಲ್ಲಿ ಬಹುಪಾಲು ಅಲ್ಲಿಯದೇ. ಅಲ್ಲಿ ಬೆಳೆ ನೆಲಕಚ್ಚಿದಾಗ ಇಲ್ಲಿ ಬೆಲೆ ಆಕಾಶಕ್ಕೆ. ದಕ್ಷಿಣ ಕನ್ನಡ, ಮಲೆನಾಡು, ಕೊಡಗಿನ ಅಡಿಕೆ ಕಾಫಿ ತೋಟಗಳಲ್ಲಿ ಮರಮರಕ್ಕೂ ವೆನಿಲ್ಲಾ ಹಬ್ಬಿಸಿದರು. 2003ರ ಹೊತ್ತಿಗೆ ಹಸಿಕೋಡು ಕಿಲೋಗೆ ಮೂರು ಸಾವಿರ ರೂಪಾಯಿಯ ಆಸುಪಾಸು! ಕಳ್ಳರ ಭಯಕ್ಕೆ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ತೋಟ ಕಾದರು. ಬಳ್ಳಿಯ ತುಂಡು ಮಾರಿಯೇ ಕಾಸು ಮಾಡಿಕೊಂಡವರು ಇದ್ದರು.

ಆಮೇಲೆ? ಒಂದೆರಡು ವರ್ಷದಲ್ಲಿ ಧಾರಣೆ ಮುಗ್ಗರಿಸಿತು. ಮಡಗಾಸ್ಕರ್ ಚೇತರಿಸಿಕೊಂಡಿತು, ದುಬಾರಿ ಬೆಲೆಗೆ ಬೇಸತ್ತ ವಿದೇಶಿ ಕಂಪನಿಗಳು ಕೃತಕ ಸುವಾಸನೆಗೆ ಹೊರಳಿದವು. ಸಾವಿರದ ಲೆಕ್ಕದಲ್ಲಿದ್ದ ಕೋಡು ಹತ್ತರ ಲೆಕ್ಕಕ್ಕೆ ಇಳಿಯಿತು. ಬುಡ ಕೊಳೆಯುವ ರೋಗ ಬೇರೆ. ಸಾಲ ಮಾಡಿ ನೆಟ್ಟವರು ಬಳ್ಳಿ ಕಿತ್ತೆಸೆದರು. 2017ರಲ್ಲಿ ಮಡಗಾಸ್ಕರಿಗೆ ಇನ್ನೊಂದು ಚಂಡಮಾರುತ ಬಡಿದು ಬೆಲೆ ಮತ್ತೆ ಏರಿತು. ಆಗ ನಮ್ಮವರ ತೋಟಗಳಲ್ಲಿ ಕೊಯ್ಯೋದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಇದರಲ್ಲಿ ನಗೆಪಾಟಲು ಏನು ಗೊತ್ತೇ? ಆ ಸುಗ್ಗಿಯ ವರ್ಷಗಳಲ್ಲೂ ಕೋಡು ಹಡಗು ಹತ್ತಿತು. ನಮ್ಮ ಬೇಕರಿಗಳಲ್ಲಿ ಇದ್ದದ್ದು ಅದೇ ಕಾರ್ಖಾನೆ ಬಾಟ್ಲಿ.

ಬಾಟ್ಲಿಯೊಳಗಿನ ಭೂತ

ಬಾಟ್ಲಿಯಲ್ಲಿರೋದು ವೆನಿಲಿನ್ ಎಂಬ ರಾಸಾಯನಿಕ. ಜರ್ಮನಿಯ ರಸಾಯನ ಶಾಸ್ತ್ರಜ್ಞರು 1874ರಲ್ಲೇ ಇದನ್ನು ತಯಾರಿಸಿದರು, ಪೈನ್ ಮರದ ರಸದ ಒಂದು ಅಂಶದಿಂದ. ಮುಂದೆ ಕಾಗದದ ಗಿರಣಿಯ ಕಸದಿಂದಲೂ ತೆಗೆದರು. ಈಗ ಹೆಚ್ಚಿನದು ಪೆಟ್ರೋಲಿಯಂ ಮೂಲದ್ದು. ಗಾಬರಿ ಬೀಳಬೇಡಿ, ಮಿತಿಯಲ್ಲಿ ಬಳಸಿದರೆ ವಿಷವೇನಲ್ಲ. ಕಾನೂನಿನ ಒಪ್ಪಿಗೆಯೂ ಇದೆ. ನಿಜವಾದ ಕೋಡಿನಲ್ಲಿ ನೂರಾರು ಬಗೆಯ ಗಂಧ, ಇದರಲ್ಲಿ ಒಂದೇ. ಅಷ್ಟೇ ವ್ಯತ್ಯಾಸ. ಬಿಸ್ಕತ್ತಿನಂಥ ತೆಳ್ಳಗಿನ ಪದಾರ್ಥ ಬೇಯುವಾಗ ಆ ನೂರಾರು ಗಂಧದಲ್ಲಿ ಬಹಳಷ್ಟು ಹಾರಿಯೂ ಹೋಗುತ್ತೆ. ಹಾಗಾಗಿ ದುಬಾರಿ ಸಾರ ತಂದು ಬಿಸ್ಕತ್ತಿಗೆ ಸುರಿಯೋದು ದುಡ್ಡನ್ನ ಚಿಮಣಿಯಲ್ಲಿ ಬಿಟ್ಟ ಹಾಗೆ. ಐಸ್‌ಕ್ರೀಮಿಗಾದರೆ ಸರಿ.

ನಮ್ಮ ತಕರಾರು ರಾಸಾಯನಿಕದ ಮೇಲಲ್ಲ, ಅದನ್ನು ಬಳಸುವ ಬುದ್ಧಿಯ ಮೇಲೆ. ಬೆಣ್ಣೆ ದುಬಾರಿ. ಅದರ ಜಾಗಕ್ಕೆ ವನಸ್ಪತಿ ಬರುತ್ತೆ. ವನಸ್ಪತಿಗೆ ಪರಿಮಳ ಇಲ್ಲ. ಆಗ ಎರಡು ಮುಚ್ಚಳ ಎಸೆನ್ಸು. ಗಿರಾಕಿ ಮೂಗಿಗೆ ಮೋಸ, ಹಣ ಮಾತ್ರ ‘ಬೆಣ್ಣೆ ಬಿಸ್ಕತ್ತಿ’ನ ದರದಲ್ಲಿ. ಇಂಥ ಕೆಲಸ ಎಲ್ಲರೂ ಮಾಡ್ತಾರೆ ಅಂತಲ್ಲ. ಮಾಡುವವರಿಂದ ನೆಟ್ಟಗೆ ವ್ಯಾಪಾರ ಮಾಡುವ ಪಕ್ಕದಂಗಡಿಯವನಿಗೆ ಪೆಟ್ಟು. ಅವನ ಬಿಸ್ಕತ್ತು ‘ಘಮ ಕಡಿಮೆ’ ಅನ್ನಿಸಿಕೊಳ್ಳುತ್ತೆ!

ಪರೀಕ್ಷೆ ಸುಲಭ. ಬಿಸ್ಕತ್ತು ಬಾಯಲ್ಲಿಟ್ಟಾಗ ಬೆಣ್ಣೆಯಾದರೆ ಕರಗಿ ಹೋಗುತ್ತೆ. ವನಸ್ಪತಿ ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತೆ. ಪೊಟ್ಟಣದ ಸರಕಾದರೆ ಹಿಂದೆ ಓದಿ. ಕೃತಕ ಸುವಾಸನೆ ಇದ್ದರೆ ಅದನ್ನು ಮುದ್ರಿಸಲೇಬೇಕು. ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಶೇಕಡ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಇದೆ. ಭರಣಿಯ ಬಿಸ್ಕತ್ತಿಗೆ ಚೀಟಿ ಇರೋದಿಲ್ಲ. ‘ಏನ್ ಸ್ವಾಮಿ, ಇದು ಬೆಣ್ಣೆಯೋ ಡಾಲ್ಡಾನೋ?’ ಅಂತ ಬಾಯಿಬಿಟ್ಟು ಕೇಳಿ. ನಾಚಿಕೆ ಯಾಕೆ?

ಅಂಗಡಿಯವರಿಗೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕಿನ ಜಿ.ಎಸ್.ಟಿ. ಶೇಕಡ 18ರಿಂದ 5ಕ್ಕೆ ಇಳಿಯಿತು. ಉಳಿದದ್ದರಲ್ಲಿ ಒಂದಿಷ್ಟು ಬೆಣ್ಣೆಗೆ ಹಾಕಬಹುದಲ್ಲ?

ಕುಕ್ಕರ್ ಇದ್ದರೆ ಸಾಕು

ಇನ್ನು ಮನೆಯಲ್ಲಿ ಮಾಡುವವರಿಗೆ. ಕಾಲು ಕಿಲೋ ಮೈದಾ, 150 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಚಿಟಿಕೆ ಉಪ್ಪು. ಬೆಣ್ಣೆ ಸಕ್ಕರೆ ಎರಡನ್ನೂ ಬಿಳುಪು ತಿರುಗುವ ತನಕ ಅಂಗೈಯಲ್ಲಿ ಉಜ್ಜಬೇಕು. ಗುಟ್ಟೆಲ್ಲ ಇಲ್ಲಿದೆ, ಅವಸರ ಕೂಡದು. ಐದಾರು ಏಲಕ್ಕಿ ಆಗಲೇ ಕುಟ್ಟಿ ಹಾಕಿ. ಡಬ್ಬಿಯಲ್ಲಿ ಆರು ತಿಂಗಳಿಂದ ಕೂತ ಏಲಕ್ಕಿ ಪುಡಿಗೆ ಹೊಟ್ಟಿನ ವಾಸನೆ. ಮೈದಾ ಬೆರೆಸಿದ ಮೇಲೆ ಹೆಚ್ಚು ನಾದಬೇಡಿ, ಬಿಸ್ಕತ್ತು ಗಟ್ಟಿಯಾದೀತು.

ಏಲಕ್ಕಿ ಬೇಡವೆಂದರೆ ಒಂದಿಷ್ಟು ಜಾಯಿಕಾಯಿ ತೇಯಿರಿ. ಕಿತ್ತಳೆ ಸಿಪ್ಪೆಯ ಮೇಲ್ಪದರ ತುರಿದು ಹಾಕಿದರೂ ಸೊಗಸು, ಬಿಳಿ ಭಾಗ ಸೇರಬಾರದು, ಕಹಿ. ಗಟ್ಟಿ ಡಿಕಾಕ್ಷನ್ ಒಂದು ಚಮಚ ಹಾಕಿ ನೋಡಿ, ಮಕ್ಕಳಿಗಿಂತ ದೊಡ್ಡವರೇ ಡಬ್ಬಿ ಖಾಲಿ ಮಾಡ್ತಾರೆ. ಸಕ್ಕರೆ ಬಿಟ್ಟು ಓಂಕಾಳು, ಉಪ್ಪು ಹಾಕಿದರೆ ಅದೇ ಹಿಟ್ಟು ಉಪ್ಪು ಬಿಸ್ಕತ್ತು. ಮೊಟ್ಟೆ ಹಾಕುವ ಮನೆಯವರಾದರೆ ಮಾತ್ರ ಏಲಕ್ಕಿ ತುಸು ಜಾಸ್ತಿ ಇರಲಿ.

ಅವನ್ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಹಳೇ ಕುಕ್ಕರಿನ ತಳಕ್ಕೆ ಒಂದು ಪದರ ಮರಳೋ ಕಲ್ಲುಪ್ಪೋ ಹಾಕಿ, ಗ್ಯಾಸ್ಕೆಟ್ಟು ವೆಯ್ಟು ಎರಡೂ ತೆಗೆದು, ಹತ್ತು ನಿಮಿಷ ಕಾಯಿಸಿ. ನೀರು ಹಾಕಕೂಡದು. ಒಳಗೆ ಒಂದು ಬಟ್ಟಲು ಬೋರಲಿಟ್ಟು ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಬಿಸ್ಕತ್ತು. ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಅವನ್ ಇದ್ದವರಿಗೆ 170 ಡಿಗ್ರಿಯಲ್ಲಿ ಹದಿನೈದು ನಿಮಿಷದಿಂದ ನೋಡುತ್ತಿರಿ. ಅಂಚು ಕೆಂಪಾದ ಕೂಡಲೇ ತೆಗೆಯಬೇಕು. ಮುಟ್ಟಿದರೆ ಮೆತ್ತಗಿರುತ್ತೆ, ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಸೀದಿತು ಅಂತಲೇ ಲೆಕ್ಕ. ಆರಿದ ಮೇಲೆ ತಾನಾಗಿ ಗರಿಗರಿ ಆಗುತ್ತೆ. ಪೂರ್ತಿ ಆರುವ ತನಕ ಡಬ್ಬಿಗೆ ತುಂಬಬೇಡಿ. ಆ ಮರಳನ್ನು ಎಸೆಯಬೇಡಿ, ಮುಂದಿನ ಸಲಕ್ಕೂ ಬರುತ್ತೆ.